ಇದು ಎತ್ತು ಈದ ಕತೆ ಅಲ್ಲ

ಪ್ರಿಯರೆ, ನಮಸ್ಕಾರ.

ನಿಮ್ಮ ಲೇಖನ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಮೊದಲ ಸಲ ‘ಭಲೇ’ ಅನ್ನಿಸಿತು. ಎರಡನೇ ಸಲ ಓದುವಾಗ ಕೈಯಲ್ಲಿ ಕೆಂಪು ಪೆನ್ನಿತ್ತು. ಈಗಿರುವ ಹಾಗೆ ಇದನ್ನು ಹಾಕುವುದಿಲ್ಲ. ಆದರೆ ವಿಷಾದ ಪತ್ರ ಲಗತ್ತಿಸಿ ವಾಪಸ್ ಕಳಿಸಿಬಿಡುವಂಥ ಬರಹವೂ ಇದಲ್ಲ.

ಈ ಉತ್ತರವನ್ನು ನಮ್ಮ ಸಲಹೆ ಪುಟದಲ್ಲೂ ಹಾಕುತ್ತಿದ್ದೇನೆ, ನಿಮ್ಮ ಹೆಸರು ಬಿಟ್ಟು. ಲೇಖನ ಓದದವರಿಗಾಗಿ ವಿಷಯ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡರ್ಹಮ್ ಅಂತ ಊರು. ಅಲ್ಲಿ ಡ್ಯೂಕ್ ವಿಶ್ವವಿದ್ಯಾಲಯ. 2006ರ ಮಾರ್ಚ್ 13ರ ರಾತ್ರಿ ಆ ವಿಶ್ವವಿದ್ಯಾಲಯದ ಲಕ್ರಾಸ್ ಅನ್ನುವ ಆಟದ ತಂಡದ ಹುಡುಗರು ಒಂದು ಬಾಡಿಗೆ ಮನೆಯಲ್ಲಿ ಪಾರ್ಟಿ ಮಾಡಿದರು. ಕುಣಿಯಲು ದುಡ್ಡು ಕೊಟ್ಟು ಇಬ್ಬರು ಹೆಂಗಸರನ್ನು ಕರೆಸಿದರು. ಅವರಲ್ಲಿ ಒಬ್ಬಾಕೆ ತನ್ನ ಮೇಲೆ ಅತ್ಯಾಚಾರ ನಡೆಯಿತು ಎಂದು ದೂರಿದಳು. ಆಕೆ ಕಪ್ಪು ಹೆಣ್ಣುಮಗಳು, ಆಕೆ ದೂರಿದ್ದು ಬಿಳಿಯ ಹುಡುಗರ ಮೇಲೆ. ಮೂವರ ಮೇಲೆ ಕೇಸಾಯಿತು. 13 ತಿಂಗಳ ನಂತರ, 2007ರ ಏಪ್ರಿಲ್ 11ರಂದು, ಮೂವರೂ ನಿರಪರಾಧಿಗಳು ಎಂದು ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್ ಘೋಷಿಸಿದರು. 2024ರ ಡಿಸೆಂಬರ್‌ನಲ್ಲಿ ಆಕೆಯೇ, ತಾನು ಹೇಳಿದ್ದು ಸುಳ್ಳು ಎಂದು ಒಂದು ಸಂದರ್ಶನದಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದಳು.

ನಿಮ್ಮ ಲೇಖನ ಶುರುವಾಗುವುದೇ ಆ ಸಂದರ್ಶನದಿಂದ. ಮೊದಲ ತಕರಾರು ಅದೇ. ಎರಡನೇ ತಕರಾರು ಶೀರ್ಷಿಕೆ: ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟಿದರು’. ಕೇಳಲು ಚೆನ್ನಾಗಿದೆ. ಆದರೆ ಯೋಚನೆ ಮಾಡಿ. ಎತ್ತು ಈಯುವುದಿಲ್ಲ ಅಂತ ಹಳ್ಳಿಯ ಮೂರು ವರ್ಷದ ಮಗುವಿಗೂ ಗೊತ್ತು. ಅದನ್ನು ನಂಬಿದವನು ದಡ್ಡ, ಅಷ್ಟೇ. ಕುಡಿದ ಹುಡುಗರು ತುಂಬಿದ ಮನೆಯಲ್ಲಿ ದುಡ್ಡು ಕೊಟ್ಟು ಕರೆಸಿದ ಹೆಣ್ಣಿನ ಮೇಲೆ ದೌರ್ಜನ್ಯ ಆಯಿತು ಅನ್ನುವ ಮಾತು ಹಾಗಲ್ಲ. ಲೋಕದಲ್ಲಿ ನಡೆಯುವಂಥದ್ದೇ. ಹಾಗಾಗಿಯೇ ನಂಬಿದರು. ನಿಮ್ಮ ಗಾದೆ ಊರಿಗೆ ಊರನ್ನೇ ದಡ್ಡರನ್ನಾಗಿ ಮಾಡಿ ಕೈತೊಳೆದುಕೊಳ್ಳುತ್ತದೆ. ಓದುಗನೂ ‘ನಾನಾಗಿದ್ದರೆ ನಂಬುತ್ತಿರಲಿಲ್ಲ’ ಅಂದುಕೊಂಡು ಹಾಯಾಗಿ ಪುಟ ಮಗುಚುತ್ತಾನೆ. ನೀವು ಬರೆಯಬೇಕಾಗಿದ್ದು ಅವನೂ ನಂಬಿಬಿಡುವ ಹಾಗೆ, ಅಲ್ವಾ?

ಆ ಮಾರ್ಚ್ ತಿಂಗಳಿಗೆ ಹೋಗಿ ನಿಲ್ಲಿ. ಡ್ಯೂಕ್ ಅಂದರೆ ತಂಬಾಕಿನ ದುಡ್ಡಲ್ಲಿ ಎದ್ದು ನಿಂತ, ಸಿರಿವಂತರ ಮಕ್ಕಳು ಓದುವ ಖಾಸಗಿ ವಿಶ್ವವಿದ್ಯಾಲಯ. ಅದೇ ಊರಿನ ಇನ್ನೊಂದು ಕಡೆ ನಾರ್ತ್ ಕೆರೊಲಿನಾ ಸೆಂಟ್ರಲ್ ಯೂನಿವರ್ಸಿಟಿ. ಬಿಳಿಯರ ಕಾಲೇಜಿನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನರಿಗಾಗಿ 1910ರಲ್ಲಿ ಶುರುವಾದದ್ದು. ದೂರು ಕೊಟ್ಟಾಕೆ ಅಲ್ಲಿ ಓದುತ್ತಿದ್ದಳು. ಎರಡು ಮಕ್ಕಳ ತಾಯಿ. ಇದೆಲ್ಲ ನಿಮ್ಮ ಲೇಖನದಲ್ಲಿ ಒಂದೇ ಸಾಲು. ಅವತ್ತು ರಾತ್ರಿ ಮನೆಯ ಹೊರಗೆ ಜನಾಂಗದ ಬೈಗುಳ ಕೇಳಿಬಂದದ್ದಂತೂ ಇಲ್ಲವೇ ಇಲ್ಲ. ನಿನ್ನ ತಾತನಿಗೆ ನನ್ನ ಹತ್ತಿ ಅಂಗಿಗಾಗಿ ಥ್ಯಾಂಕ್ಸ್ ಹೇಳು ಅನ್ನುವ ಅರ್ಥದ ಮಾತನ್ನು ಪಕ್ಕದ ಮನೆಯವನು ಕೇಳಿಸಿಕೊಂಡಿದ್ದ. ಹತ್ತಿ ಹೊಲದಲ್ಲಿ ಜೀತ ಮಾಡಿದವರ ಮೊಮ್ಮಕ್ಕಳಿಗೆ ಆಡಿದ ಮಾತು ಅದು. ಅದನ್ನು ಯಾಕೆ ಬಿಟ್ಟಿರಿ? ಹುಡುಗರ ಮೇಲಿನ ಕನಿಕರ ಕಡಿಮೆಯಾದೀತು ಅಂತಲೇ? ಮಾಡಿದ್ದನ್ನು ಬರೆದರೇ ತಾನೆ ಮಾಡದ್ದರ ಬಗ್ಗೆ ನೀವು ಹೇಳಿದ್ದನ್ನು ಜನ ನಂಬುವುದು.

ಪ್ರತಿಭಟನೆಯ ಭಾಗ ಚೆನ್ನಾಗಿದೆ. ಭಾನುವಾರ ಬೆಳಿಗ್ಗೆ ಜನ ಆ ಮನೆ ಮುಂದೆ ನಿಂತು ಪಾತ್ರೆ ಬಡಿದದ್ದು, ಆಟಗಾರರ ಫೋಟೊಗಳನ್ನು ‘ಬೇಕಾಗಿದ್ದಾರೆ’ ಅನ್ನುವ ಥರ ಪೋಸ್ಟರ್ ಮಾಡಿ ಹಂಚಿದ್ದು. ಆದರೆ ಪಾತ್ರೆ ಬಡಿಯುವಾಗ 2020ರ ಕರೋನಾ ಕಾಲದ ತಟ್ಟೆ ಬಡಿತಕ್ಕೆ ಹೋಲಿಸಿದ್ದೀರಲ್ಲ, ದಯವಿಟ್ಟು ತೆಗೆಯಿರಿ. ಓದುಗ ಡರ್ಹಮ್ ಬಿಟ್ಟು ತನ್ನ ಬಾಲ್ಕನಿಗೆ ಹೋಗಿಬಿಡುತ್ತಾನೆ, ವಾಪಸ್ ಬರುವುದಿಲ್ಲ.

ಈಗ ತಪ್ಪುಗಳು. ‘88 ಪ್ರಾಧ್ಯಾಪಕರು ಹುಡುಗರನ್ನು ಜೈಲಿಗೆ ಹಾಕಿ ಎಂದು ಜಾಹೀರಾತು ಕೊಟ್ಟರು’ ಅಂತ ಬರೆದಿದ್ದೀರಿ. ಹಾಗೆ ಕೊಟ್ಟಿಲ್ಲ. 2006ರ ಏಪ್ರಿಲ್ 6ರಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಬಂದ ಆ ಜಾಹೀರಾತಿನಲ್ಲಿ ಇದ್ದದ್ದು ಕ್ಯಾಂಪಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ, ಹೆಣ್ಣುಮಕ್ಕಳಿಗೆ ಆಗುವ ಅನುಭವಗಳು. ಕಾಯದೆ ದನಿ ಎತ್ತಿದ್ದಕ್ಕಾಗಿ ಪ್ರತಿಭಟನಕಾರರಿಗೆ ಒಂದು ಧನ್ಯವಾದ. ಆ ‘ಕಾಯದೆ’ ಅನ್ನುವ ಪದವೇ ಸಾಕು ನಿಮಗೆ. ಅದರ ಮೇಲೆ ಒಂದು ಪ್ಯಾರಾ ಬರೆಯಿರಿ. ಇಲ್ಲದ್ದನ್ನು ಅವರ ಬಾಯಿಗೆ ತುರುಕಬೇಡಿ.

‘ಕೋರ್ಟ್ ಮೂವರನ್ನೂ ಖುಲಾಸೆ ಮಾಡಿತು’ ಅನ್ನುವುದೂ ತಪ್ಪು. ಖುಲಾಸೆಯಾಗಬೇಕಾದರೆ ವಿಚಾರಣೆ ನಡೆದಿರಬೇಕು. ಇಲ್ಲಿ ವಿಚಾರಣೆಯೇ ಆಗಲಿಲ್ಲ. ಕೇಸನ್ನು ಕೈಬಿಟ್ಟರು. ಸಾಮಾನ್ಯವಾಗಿ ಕೈಬಿಡುವಾಗ ‘ಸಾಕ್ಷಿ ಸಾಲದು’ ಎಂದು ಹೇಳಿ ಸುಮ್ಮನಾಗುತ್ತಾರೆ. ಕೂಪರ್ ಹಾಗೆ ಮಾಡದೆ ‘ನಿರಪರಾಧಿಗಳು’ ಅನ್ನುವ ಪದವನ್ನೇ ಬಳಸಿದರು. ಅದು ದೊಡ್ಡ ಮಾತು. ಖುಲಾಸೆ ಅಂದುಬಿಟ್ಟರೆ ಅದರ ತೂಕ ಹೋಗುತ್ತದೆ.

ಲಕ್ರಾಸ್ ಅನ್ನು ‘ಹಾಕಿಯಂಥ ಆಟ’ ಅಂದಿದ್ದೀರಿ. ತುದಿಗೆ ಬಲೆ ಕಟ್ಟಿದ ಕೋಲಲ್ಲಿ ಚೆಂಡು ಹಿಡಿದು ಎಸೆಯುವ ಆಟ. ಅಲ್ಲಿನ ಮೂಲನಿವಾಸಿಗಳದ್ದು. ಆಮೇಲೆ ದುಬಾರಿ ಖಾಸಗಿ ಶಾಲೆಗಳ ಹುಡುಗರ ಆಟವಾಯಿತು. ಇದನ್ನು ಹೇಳಿದರೆ ಊರವರ ಸಿಟ್ಟು ಅರ್ಧ ಅರ್ಥವಾಗುತ್ತದೆ.

ಆಕೆಯ ಹೆಸರನ್ನು ಎಲ್ಲ ಕಡೆ ಹೊಡೆದುಹಾಕಿದ್ದೇನೆ. ನಮ್ಮಲ್ಲಿ ಅತ್ಯಾಚಾರ ಆಯಿತೆಂದು ದೂರು ಕೊಟ್ಟವರ ಹೆಸರು ಹಾಕುವ ಹಾಗಿಲ್ಲ. ಹಿಂದೆ ಐಪಿಸಿ ಸೆಕ್ಷನ್ 228ಎ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 72. ಅಮೆರಿಕದ ಕೇಸಿಗೆ ಈ ಕಾನೂನು ತಾಕುವುದಿಲ್ಲ, ಹೆಸರು ಅಲ್ಲಿ ಬಹಿರಂಗವಾಗಿ ವರ್ಷಗಳಾದವು, ನಿಜ. ಆದರೂ ನನಗೆ ಮನಸ್ಸು ಬರಲಿಲ್ಲ. ಮೂವರು ಹುಡುಗರ ಹೆಸರೂ ಹೊಡೆದಿದ್ದೇನೆ. ಆಕೆ ಮುಂದೆ ಒಂದು ಕೊಲೆ ಕೇಸಿನಲ್ಲಿ ಜೈಲಿಗೆ ಹೋದ ವಿಷಯವೂ ಬೇಡ. ಅದು 2011ರ ಘಟನೆ. 2006ರಲ್ಲಿ ಏನಾಯಿತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ. ‘ನಾಚಿಕೆಗೆಟ್ಟ ಕುಣಿತದವಳು’ ಅಂತ ಬರೆದಿದ್ದಕ್ಕೆ ನಾನು ಏನೂ ಹೇಳುವುದಿಲ್ಲ, ನೀವೇ ಜೋರಾಗಿ ಒಮ್ಮೆ ಓದಿಕೊಳ್ಳಿ.

ನಿಮಗೆ ಹೆಸರು ಬೇಕಾಗಿರುವುದು ಒಬ್ಬರದೇ: ಮೈಕ್ ನೈಫಾಂಗ್. ಡರ್ಹಮ್‌ನ ಡಿಸ್ಟ್ರಿಕ್ಟ್ ಅಟಾರ್ನಿ. ನಮ್ಮ ಓದುಗರಿಗೆ ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ನೀವು ಹೇಳಿಲ್ಲ. ನಮ್ಮ ಸರ್ಕಾರಿ ವಕೀಲರನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಜನ ಓಟು ಹಾಕಿ ಆರಿಸುತ್ತಾರೆ. ನೈಫಾಂಗ್ ಅವರ ಪಕ್ಷದೊಳಗಿನ ಚುನಾವಣೆ ಇದ್ದದ್ದು 2006ರ ಮೇ 2ಕ್ಕೆ, ಪಾರ್ಟಿ ನಡೆದು ಏಳು ವಾರಕ್ಕೆ. ಆ ವಾರಗಳಲ್ಲಿ ಅವರು ಸಾಲುಸಾಲು ಸಂದರ್ಶನ ಕೊಟ್ಟರು. ಆಟಗಾರರನ್ನು ಪುಂಡರು ಎಂದರು. ಕತ್ತು ಹೇಗೆ ಹಿಡಿದಿರಬಹುದು ಎಂದು ಟಿವಿಯಲ್ಲಿ ಅಭಿನಯಿಸಿಯೂ ತೋರಿಸಿದರು. ಸಾವಿರಕ್ಕಿಂತ ಕಡಿಮೆ ಓಟಿನಲ್ಲಿ ಗೆದ್ದರು.

ಅದರ ಮಧ್ಯೆ ಏನು ನಡೆಯುತ್ತಿತ್ತು ನೋಡಿ. ತಂಡದಲ್ಲಿ 47 ಮಂದಿ. ಒಬ್ಬ ಕಪ್ಪು ಹುಡುಗನನ್ನು ಬಿಟ್ಟು 46 ಮಂದಿಯ ಡಿಎನ್‌ಎ ತೆಗೆದರು. ಏಪ್ರಿಲ್ 10ಕ್ಕೆ ಫಲಿತಾಂಶ ಹೊರಬಂತು, ಯಾರದ್ದೂ ಹೊಂದಲಿಲ್ಲ. ಅದಕ್ಕೆ ಮೊದಲು ಏಪ್ರಿಲ್ 4ರಂದು ಆಕೆಗೆ ಫೋಟೊ ತೋರಿಸಿ ಗುರುತಿಸಲು ಹೇಳಿದ್ದರು. ಗುರುತು ಹಿಡಿಸುವಾಗ ಸಂಬಂಧವೇ ಇಲ್ಲದ ಬೇರೆಯವರ ಫೋಟೊಗಳೂ ಸೇರಿರಬೇಕು. ಅಲ್ಲಿದ್ದದ್ದು ಬರೀ ತಂಡದವರ ಫೋಟೊ. ಯಾವುದರ ಮೇಲೆ ಬೆರಳಿಟ್ಟರೂ ಒಬ್ಬ ಆಟಗಾರ ಆರೋಪಿಯಾಗುವಂಥ ಏರ್ಪಾಡು. ಇದನ್ನು ನೀವು ಬರೆದಿದ್ದೀರಿ, ಚೆನ್ನಾಗಿಯೇ ಬರೆದಿದ್ದೀರಿ. ಆದರೆ ನಾಲ್ಕನೇ ಪುಟದಲ್ಲಿ ಹೂತಿಟ್ಟಿದ್ದೀರಿ.

ಇಡೀ ಲೇಖನದಲ್ಲಿ ನನಗೆ ಜಾಸ್ತಿ ಇಷ್ಟವಾದವನು ಟ್ಯಾಕ್ಸಿಯವನು. ಅವನಿಗೆ ನೀವು ಕೊಟ್ಟಿರುವುದು ಒಂದೂವರೆ ಸಾಲು. ಆಫ್ರಿಕಾದಿಂದ ವಲಸೆ ಬಂದು ಡರ್ಹಮ್‌ನಲ್ಲಿ ಬಾಡಿಗೆ ಓಡಿಸುತ್ತಿದ್ದವನು. ಆ ರಾತ್ರಿ ಮೂವರಲ್ಲಿ ಒಬ್ಬ ಹುಡುಗನನ್ನು ಹತ್ತಿಸಿಕೊಂಡ. ಎಟಿಎಂ ಹತ್ತಿರ ನಿಲ್ಲಿಸಿದ. ಅಲ್ಲಿನ ಕ್ಯಾಮೆರಾದಲ್ಲಿ ಹುಡುಗನ ಮುಖವೂ ಹೊತ್ತೂ ಬಿದ್ದವು. ಆಮೇಲೆ ಹಾಸ್ಟೆಲಿಗೆ ಬಿಟ್ಟ. ಬಾಗಿಲು ತೆಗೆದ ಕಾರ್ಡಿನ ದಾಖಲೆಯೂ ಉಳಿಯಿತು. ಕೇಸಾದ ಮೇಲೆ ‘ಹೌದು, ನಾನೇ ಬಿಟ್ಟೆ’ ಅಂತ ಬರೆದುಕೊಟ್ಟ. ಮೇ ತಿಂಗಳಲ್ಲಿ ಪೊಲೀಸರು ಬಂದು ಅವನನ್ನೇ ಹಿಡಿದರು. ಯಾವ ಕಾರಣಕ್ಕೆ? ಎರಡೂವರೆ ವರ್ಷದ ಹಿಂದೆ ಅವನ ಗಾಡಿಯಲ್ಲಿ ಹೋದ ಹೆಂಗಸೊಬ್ಬಳು ಅಂಗಡಿಯಲ್ಲಿ ಪರ್ಸ್ ಕದ್ದಿದ್ದಳಂತೆ, ಆ ಹಳೇ ವಾರಂಟ್. ಅವನ ಮೇಲೆ ವಿಚಾರಣೆ ನಡೆಯಿತು. ಅವನು ಖುಲಾಸೆಯಾದ. ನೋಡಿ, ಆ ಪದ ಇಲ್ಲಿ ಬೇಕಾಗಿತ್ತು.

ಸಿರಿವಂತ ಹುಡುಗನ ಪರವಾಗಿ ಸಾಕ್ಷಿ ಹೇಳಿದ್ದರಿಂದ ಅವನಿಗೆ ಸಿಗಬೇಕಾದದ್ದು ಏನೂ ಇರಲಿಲ್ಲ. ಅವನನ್ನು ಮೊದಲ ಪುಟಕ್ಕೆ ತನ್ನಿ. ಅವನ ಜೊತೆಗೆ ಹುಡುಗರ ಕಡೆಯ ಬ್ರಾಡ್ ಬ್ಯಾನನ್ ಅನ್ನುವ ಯುವ ವಕೀಲರನ್ನೂ ಬೆಳೆಸಿ. ಪ್ರಯೋಗಾಲಯದವರು ಕೊಟ್ಟ ಸುಮಾರು 2,000 ಪುಟ ಅಂಕಿಅಂಶವನ್ನು ಪಠ್ಯಪುಸ್ತಕ ಪಕ್ಕಕ್ಕಿಟ್ಟುಕೊಂಡು ಒಂದೊಂದಾಗಿ ಓದಿದ ಮನುಷ್ಯ. ತಂಡಕ್ಕೆ ಸೇರದ ಬೇರೆ ಗಂಡಸರ ಡಿಎನ್‌ಎ ಸಿಕ್ಕಿತ್ತು, ವರದಿಯಲ್ಲಿ ಅದನ್ನು ಬಿಟ್ಟಿದ್ದರು ಅನ್ನುವುದು ಹಾಗೆ ಗೊತ್ತಾಯಿತು. 2006ರ ಡಿಸೆಂಬರ್ 15ರಂದು ನೈಫಾಂಗ್ ಜೊತೆ ಮಾತಾಡಿಕೊಂಡೇ ಅದನ್ನು ಬಿಟ್ಟದ್ದು ಎಂದು ಪ್ರಯೋಗಾಲಯದ ಮುಖ್ಯಸ್ಥರೇ ಕೋರ್ಟಿನಲ್ಲಿ ಒಪ್ಪಿಕೊಂಡರು. 2007ರ ಜೂನ್‌ನಲ್ಲಿ ನೈಫಾಂಗ್ ವಕೀಲಿಕೆ ಹೋಯಿತು. ಕೋರ್ಟಿಗೆ ಸುಳ್ಳು ಹೇಳಿದ್ದಕ್ಕೆ ಒಂದು ದಿನ ಜೈಲೂ ಆಯಿತು. ನೀವು ಈ ಒಂದು ದಿನದ ಜೈಲನ್ನೇ ಕುಣಿದು ಕುಪ್ಪಳಿಸಿ ಎರಡು ಪ್ಯಾರಾ ಬರೆದಿದ್ದೀರಿ. ಎರಡು ಸಾಲು ಸಾಕು.

ನಾರ್ತ್ ಕೆರೊಲಿನಾ ಸೆಂಟ್ರಲ್‌ನ ಒಬ್ಬ ವಿದ್ಯಾರ್ಥಿ ಪತ್ರಿಕೆಯವರಿಗೆ ಹೇಳಿದ ಮಾತನ್ನು ನೀವು ತಮಾಷೆಗೆ ಬಳಸಿದ್ದೀರಿ. ಅದು ನಡೆದಿರಲಿ ಬಿಡಲಿ ಕೇಸು ನಡೆಯಬೇಕು, ಹಿಂದೆ ಆದದ್ದಕ್ಕೆಲ್ಲ ಅದು ನ್ಯಾಯ ಅನ್ನುವ ಅರ್ಥದ ಮಾತು. ತಪ್ಪು ಮಾತೇ. ಆದರೆ ಉಳಿದವರು ಮನಸ್ಸಲ್ಲಿ ಇಟ್ಟುಕೊಂಡದ್ದನ್ನು ಅವನು ಬಾಯಿಬಿಟ್ಟು ಹೇಳಿದ. ಅಲ್ಲಿ ನಗಬೇಡಿ. ಅಲ್ಲಿ ನಿಲ್ಲಿ.

ನಾನು ಈ ಉಪದೇಶ ಮಾಡುವಷ್ಟು ಶುದ್ಧನಲ್ಲ. ಹಿಂದೆ ಒಂದು ಜಿಲ್ಲಾ ಪತ್ರಿಕೆಯಲ್ಲಿದ್ದಾಗ ಕಾಲೇಜು ಕಬಡ್ಡಿ ತಂಡದ ಇಬ್ಬರು ಹುಡುಗರ ಮೇಲೆ ಇಂಥದ್ದೇ ದೂರು ಬಂತು. ‘ಕೀಚಕರಿಗೆ ಧರ್ಮದೇಟು’ ಅಂತ ಶೀರ್ಷಿಕೆ ಕೊಟ್ಟವನು ನಾನೇ. ಒಳಗೆ ಪ್ರತಿ ಸಾಲಿಗೂ ‘ಎನ್ನಲಾಗಿದೆ’ ಹಾಕಿದ್ದೆ, ಅಷ್ಟು ಹಾಕಿದರೆ ಸಾಕು ಅಂತ. ಎಂಟು ತಿಂಗಳಿಗೆ ಪೊಲೀಸರು ಬಿ ರಿಪೋರ್ಟ್ ಹಾಕಿದರು. ಅದು ಏಳನೇ ಪುಟದಲ್ಲಿ ನಾಲ್ಕು ಸಾಲಾಯಿತು. ಅದರಲ್ಲಿ ಒಬ್ಬ ಹುಡುಗನ ಅಪ್ಪ ಆಫೀಸಿಗೆ ಬಂದು ಹಳೇ ಪತ್ರಿಕೆಯನ್ನೂ ಹೊಸ ಪತ್ರಿಕೆಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಏನೂ ಮಾತಾಡಲಿಲ್ಲ. ನಾನು ಟೀ ತರಿಸಿದೆ. ಅವರು ಕುಡಿಯಲಿಲ್ಲ.

ಹಾಗಂತ ನಿಮ್ಮ ಕೊನೆಯ ಪ್ಯಾರಾ ಒಪ್ಪಲಾರೆ. ‘ಆಟಗಾರರ ಮೇಲೆ ಬರುವ ಇಂಥ ದೂರುಗಳ ಹಣೆಬರಹವೇ ಇಷ್ಟು’ ಅಂದಿದ್ದೀರಿ. 2015ರಲ್ಲಿ ಸ್ಟ್ಯಾನ್‌ಫರ್ಡ್ ಕ್ಯಾಂಪಸ್‌ನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಈಜು ತಂಡದ ಒಬ್ಬನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರು. ಪ್ರಜ್ಞೆಯಿಲ್ಲದ ಹೆಣ್ಣುಮಗಳು ಅಲ್ಲೇ ಬಿದ್ದಿದ್ದಳು. ಅಪರಾಧ ಸಾಬೀತಾಯಿತು. ಶಿಕ್ಷೆ ಆರು ತಿಂಗಳು, ಮೂರೇ ತಿಂಗಳಿಗೆ ಹೊರಗೆ. ಜನ ಸಿಟ್ಟಾಗಿ 2018ರಲ್ಲಿ ಓಟು ಹಾಕಿ ಆ ನ್ಯಾಯಾಧೀಶರನ್ನೇ ಕೆಳಗಿಳಿಸಿದರು. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಆಟಗಾರರ ಮೇಲಿನ ದೂರುಗಳನ್ನು ನೆಟ್ಟಗೆ ವಿಚಾರಿಸಲೇ ಇಲ್ಲ ಎಂದು ಗೊತ್ತಾಗಿ 2016ರಲ್ಲಿ ಕೋಚ್ ಕೆಲಸ ಹೋಯಿತು. ಡರ್ಹಮ್‌ನಲ್ಲಿ ಮೊದಲೇ ತೀರ್ಮಾನ ಮಾಡಿದ್ದರು, ಬೇಲರ್‌ನಲ್ಲಿಯೂ ಮೊದಲೇ ತೀರ್ಮಾನ ಮಾಡಿದ್ದರು, ಬೇರೆ ದಿಕ್ಕಿಗೆ. ಈ ಎರಡನ್ನೂ ಲೇಖನಕ್ಕೆ ತುರುಕಿ ಅಂತಲ್ಲ. ಕೊನೆಯ ಪ್ಯಾರಾ ಕಿತ್ತುಹಾಕಿ ಅಂತ.

ಹೇಗೆ ತಿದ್ದಬೇಕು ಅಂದರೆ, ದಿನ ದಿನವಾಗಿ ಬರೆಯಿರಿ. ಏಪ್ರಿಲ್ 5ರಂದು ಕೋಚ್ ರಾಜೀನಾಮೆ ಕೊಟ್ಟು ಇಡೀ ಸೀಸನ್ ರದ್ದಾದಾಗ ಊರಿಗೆ ಗೊತ್ತಿದ್ದದ್ದೆಷ್ಟೋ ಅಷ್ಟೇ ಓದುಗನಿಗೂ ಗೊತ್ತಿರಲಿ. ಏಪ್ರಿಲ್ 10ರ ಡಿಎನ್‌ಎ ಸುದ್ದಿ ಬಂದಾಗ ಅವನೂ ಗೊಂದಲಪಡಲಿ. 2024ರ ಸಂದರ್ಶನ ಬೇಕಿದ್ದರೆ ಕೊನೆಗೆ ಬರಲಿ, ಬರದಿದ್ದರೂ ನಷ್ಟವಿಲ್ಲ.

ಇನ್ನೊಂದು. ನೀವು ಕ್ಯಾರಿಯಲ್ಲಿ ಇರುವವರು ಅಂತ ಪತ್ರದಲ್ಲಿ ಬರೆದಿದ್ದೀರಿ. ಡರ್ಹಮ್ ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ. ನಾರ್ತ್ ಬುಕ್ಯಾನನ್ ರಸ್ತೆಗೆ ಒಂದು ಸಲವಾದರೂ ಹೋಗಿದ್ದೀರಾ? ಲೇಖನ ಓದಿದರೆ ಹೋದ ಹಾಗೆ ಕಾಣುವುದಿಲ್ಲ. ಪಾರ್ಟಿ ನಡೆದ ಮನೆ ಅಲ್ಲೇ, ವಿಶ್ವವಿದ್ಯಾಲಯದ ಕಲ್ಲು ಗೋಡೆಯ ಎದುರಿಗೇ ಇತ್ತು. 2010ರಲ್ಲಿ ಕೆಡವಿದರು. ಆ ಗೋಡೆ ಎಷ್ಟು ಎತ್ತರ, ಅದರ ಈಚೆ ಆಚೆ ಯಾರು ಓಡಾಡುತ್ತಾರೆ, ಮನೆಯಿದ್ದ ಜಾಗದಲ್ಲಿ ಈಗ ಏನಿದೆ, ನೋಡಿಕೊಂಡು ಬನ್ನಿ.

ಪದಮಿತಿ 2,000. ಟ್ಯಾಕ್ಸಿಯವನ ಭಾಗ ಉದ್ದವಾದರೆ ಲೆಕ್ಕಕ್ಕಿಲ್ಲ. ಮುಂದಿನ ತಿಂಗಳ 20ರೊಳಗೆ ಬಂದರೆ ಆ ಸಂಚಿಕೆಗೇ ಹಿಡಿಸುತ್ತೇನೆ. ಮೂವರು ಹುಡುಗರ ಪೊಲೀಸ್ ಫೋಟೊ ಕಳಿಸಿದ್ದೀರಲ್ಲ, ಅವು ಬೇಡ. ಗೋಡೆಯದ್ದು ಒಂದು ತೆಗೆದು ಕಳಿಸಿ, ಮೊಬೈಲಲ್ಲಿ ತೆಗೆದದ್ದಾದರೂ ನಡೆಯುತ್ತದೆ.

ಇಂತಿ,
ಸಂಪಾದಕ