‘ಫ್ರಾಂಕೆನ್‌ಸ್ಟೈನ್’ ಮತ್ತೆ ಓದಬೇಕೇ?

ಗಿಯೆರ್ಮೊ ದೆಲ್ ತೋರೊ ಅವರ 2025ರ ಸಿನಿಮಾ ನೋಡಿದಿರಿ, ಕಾಲೇಜಿನಲ್ಲಿ ಓದಿದ್ದ ಮೇರಿ ಶೆಲ್ಲಿಯ ಕಾದಂಬರಿಯನ್ನು ಮತ್ತೆ ಓದಬೇಕೇ, ಕಥೆ ಹೇಗೂ ಗೊತ್ತಲ್ಲ ಅಂತ ಕೇಳಿದ್ದೀರಿ. ಖಂಡಿತ ಓದಿ. ತೆರೆಯ ಮೇಲಿನ ಕಥೆಯೇ ಬೇರೆ, ಪುಸ್ತಕದ್ದೇ ಬೇರೆ.

ಸಿನಿಮಾದಲ್ಲಿ, ಹೆಣದ ತುಂಡುಗಳಿಂದ ಜೀವಿಯೊಂದನ್ನು ಸೃಷ್ಟಿಸುವ ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ನ ಅಪ್ಪ ಕ್ರೂರಿ. ತಾನು ತಿಂದ ಪೆಟ್ಟನ್ನೇ ಮಗ ತನ್ನ ಸೃಷ್ಟಿಗೂ ಕೊಡುತ್ತಾನೆ. ಪುಸ್ತಕದ ಅಪ್ಪ ಅಕ್ಕರೆಯವನು. ಅಲ್ಲಿ ವಿಕ್ಟರ್‌ಗೆ ಯಾವ ನೆಪವೂ ಇಲ್ಲ, ಅದಕ್ಕೇ ಅವನು ಹೆಚ್ಚು ಕಾಡುತ್ತಾನೆ.

ಜಸ್ಟೀನ್‌ಳ ಪ್ರಕರಣ ನೆನಪಿದೆಯೇ? ಸಿನಿಮಾ ಅದನ್ನು ಕೈಬಿಟ್ಟಿದೆ, ನನಗೆ ದೊಡ್ಡ ನಷ್ಟ ಅನಿಸಿದ್ದು ಅದೇ. ವಿಕ್ಟರ್‌ನ ತಮ್ಮ, ಬಾಲಕ ವಿಲಿಯಂನ ಕೊಲೆಯಾಗುತ್ತದೆ. ಅವನ ಕೊರಳಲ್ಲಿದ್ದ ತಾಯಿಯ ಪುಟ್ಟ ಚಿತ್ರ ಮನೆಗೆಲಸದ ಜಸ್ಟೀನ್‌ಳ ಜೇಬಿನಲ್ಲಿ ಸಿಗುತ್ತದೆ. ಪಾದ್ರಿ ನರಕದ ಭಯ ಹುಟ್ಟಿಸಿ ಅವಳ ಬಾಯಿಂದಲೇ ತಪ್ಪೊಪ್ಪಿಗೆ ಹೊರಡಿಸುತ್ತಾನೆ. ಕೊಂದದ್ದು ತನ್ನ ಸೃಷ್ಟಿಯೇ ಎಂದು ವಿಕ್ಟರ್‌ಗೆ ಗೊತ್ತು. ಹುಚ್ಚನೆಂದಾರು ಎಂದು ಸುಮ್ಮನಿರುತ್ತಾನೆ. ವಿಕ್ಟರ್ ಮುಂದೆ ಮದುವೆಯಾಗುವ ಎಲಿಜಬೆತ್ ಜಸ್ಟೀನ್‌ಳನ್ನು ತಬ್ಬಿ ಸಮಾಧಾನ ಹೇಳುವಾಗ ಇವನು ಸೆರೆಮನೆಯ ಮೂಲೆಗೆ ಸರಿದು ನಿಂತಿರುತ್ತಾನೆ. ಮರುದಿನ ಅವಳಿಗೆ ಗಲ್ಲು. ಆ ಪುಟಗಳನ್ನು ನಿಧಾನವಾಗಿ ಓದಿ.

ಸಿನಿಮಾ ಕೊನೆಗೆ ವಿಕ್ಟರ್ ಮತ್ತು ಅವನ ಸೃಷ್ಟಿ ಇಬ್ಬರನ್ನೂ ಅಪ್ಪ–ಮಗನಂತೆ ಒಂದುಗೂಡಿಸುತ್ತದೆ. ಚೆನ್ನಾಗಿದೆ, ಕಣ್ಣು ತುಂಬುತ್ತದೆ. ಕಾದಂಬರಿಯ ವಿಕ್ಟರ್ ಮಾತ್ರ ಸಾಯುವಾಗಲೂ ತನ್ನ ನಡತೆಯಲ್ಲಿ ತಪ್ಪು ಕಾಣುವುದಿಲ್ಲ.

ಸಿಕ್ಕರೆ 1818ರ ಮೊದಲ ಆವೃತ್ತಿಯನ್ನೇ ತೆಗೆದುಕೊಳ್ಳಿ. 1831ರ ಪರಿಷ್ಕೃತ ಆವೃತ್ತಿಯಲ್ಲಿ ವಿಧಿಯ ಮೇಲೆ ಭಾರ ಹಾಕುವ ಮಾತು ಜಾಸ್ತಿ. ಶುರುವಿನಲ್ಲಿ ಬರುವ, ಉತ್ತರ ಧ್ರುವದತ್ತ ಹಡಗಿನಲ್ಲಿ ಹೊರಟ ವಾಲ್ಟನ್‌ನ ಪತ್ರಗಳನ್ನು ಹಾರಿಸಬೇಡಿ.