ನೇತ್ರಾಣಿಲಿ ಕೋರ್ಸ್ ಮಾಡಿದ್ರೆ ಸಿಲ್ಫ್ರಾಗೆ ಇಳೀಬಹುದಾ?
ನೇತ್ರಾಣಿಲಿ ಕೋರ್ಸ್ ಮಾಡಿ ನಾಕು ಸ್ಕೂಬಾ ಡೈವ್ ಆಗಿದೆ, ಐಸ್‌ಲ್ಯಾಂಡ್‌ನ ಸಿಲ್ಫ್ರಾ ಅನ್ನೋ ನೀರು ತುಂಬಿದ ಬಂಡೆ ಸೀಳಲ್ಲಿ ಇಳೀಬಹುದಾ ಅಂತ ಕೇಳಿದೀರಲ್ಲ ಸರ್, ನೇರವಾಗಿ ಹೇಳ್ತೀನಿ, ಈ ಟ್ರಿಪ್ಪಲ್ಲಿ ಬೇಡ. ಅಲ್ಲಿ ನೀರು ವರ್ಷಪೂರ್ತಿ 2ರಿಂದ 4 ಡಿಗ್ರಿ, ನಮ್ಮ ಮುರ್ಡೇಶ್ವರದ ಬೆಚ್ಚಗಿನ ಸಮುದ್ರಕ್ಕೂ ಅದಕ್ಕೂ ಹೋಲಿಕೇನೇ ಇಲ್ಲ. ಡ್ರೈಸೂಟ್ (ಮೈಗೆ ನೀರು ತಾಗದ ಹಾಗೆ ಮುಚ್ಚೋ ಸೂಟ್) ಕಡ್ಡಾಯ, ಅದರ ಸರ್ಟಿಫಿಕೇಟ್ ಇಲ್ಲಾಂದ್ರೆ 10 ಡ್ರೈಸೂಟ್ ಡೈವ್ ಮಾಡಿರೋ ದಾಖಲೆ ಕೇಳ್ತಾರೆ, ಸುಮ್ನೆ ಅಲ್ಲ, ಅಲ್ಲಿ ಜನ ಸತ್ತಿದಾರೆ. ಆ ಸೂಟ್ ಒಳಗೆ ಗಾಳಿ ಇರುತ್ತೆ, ತಲೆಕೆಳಗಾದ್ರೆ ಅದೆಲ್ಲಾ ಕಾಲಿಗೆ ಹೋಗಿ ಬಲೂನ್ ಥರ ಸೀದಾ ಮೇಲಕ್ಕೆ ಎಳ್ಕೊಂಡು ಹೋಗುತ್ತೆ, ಗಾಬರಿಲಿ ಉಸಿರು ಹಿಡಿದ್ರೋ ಶ್ವಾಸಕೋಶಕ್ಕೇ ಪೆಟ್ಟು. ಇನ್ನು ರೆಗ್ಯುಲೇಟರ್, ಅಂದ್ರೆ ಸಿಲಿಂಡರ್ ಗಾಳೀನ ಉಸಿರಾಡೋಕೆ ಬಾಯಿಗೆ ಕೊಡೋ ಸಾಧನ. ಸಿಲಿಂಡರ್ ಗಾಳಿ ಹಿಗ್ಗುವಾಗ ತಣ್ಣಗಾಗುತ್ತೆ, ನೀರೂ ಅಷ್ಟು ತಣ್ಣಗಿದ್ರೆ ಒಳಗೆ ಐಸ್ ಕಟ್ಟಿ ವಾಲ್ವ್ ತೆರ್ಕೊಂಡೇ ಸಿಕ್ಕಾಕೊಳ್ಳುತ್ತೆ, ಗಾಳಿ ಬುಸ್ಸಂತ ಸುರಿದು ಕೆಲವೇ ನಿಮಿಷದಲ್ಲಿ ಸಿಲಿಂಡರ್ ಖಾಲಿ. ಕೊರೆಯೋ ಚಳೀಲಿ ದಡದ ಮೇಲೆ ನಿಂತು ರೆಗ್ಯುಲೇಟರಲ್ಲಿ ಸುಮ್ಸುಮ್ನೆ ಉಸಿರಾಡ್ತಾ ಇರೋದೂ ತಪ್ಪೇ (ಉಸಿರಿನ ತೇವಾನೇ ಹೆಪ್ಪುಗಟ್ಟುತ್ತೆ). ಬಿಪಿ, ಹಾರ್ಟ್ ಏನಾದ್ರೂ ಇದ್ರೆ ಮೊದ್ಲು ಡಾಕ್ಟರ್ ಹತ್ರ ಹೋಗಿ. ಎಲ್ಲಾ ಸರಿ ಇದ್ರೆ ಈ ಸಲ ಗೈಡ್ ಜೊತೆ ಸ್ನಾರ್ಕೆಲ್ ಮಾಡಿ (ನೀರಿನ ಮೇಲೆ ತೇಲ್ತಾ ಕೊಳವೇಲಿ ಉಸಿರಾಡೋದು), ನೀರು ಎಷ್ಟು ತಿಳಿ ಅಂದ್ರೆ ಮೇಲಿಂದಲೇ ಬಂಡೆ ಸೀಳು ಆಳದವರೆಗೂ ಕಾಣುತ್ತೆ.