ಎರಡು ಡೇಟಾಬೇಸ್‌ಗಳ ನಡುವೆ ಕಾಣೆಯಾದ ರಶೀದಿ

ಪ್ರಶ್ನೆ: ನಮ್ಮದು ಅಡಿಕೆ ಬೆಳೆಗಾರರ ಸಣ್ಣ ಸಹಕಾರ ಸಂಘ. ತೂಕದ ಕೌಂಟರಿನ ಲೆಕ್ಕ ಮೈಎಸ್‌ಕ್ಯೂಎಲ್‌ನಲ್ಲಿದೆ, ಸದಸ್ಯರು ಮೊಬೈಲಿನಲ್ಲಿ ನೋಡುವ ಖಾತೆ ಪೋಸ್ಟ್‌ಗ್ರೆಸ್‌ನಲ್ಲಿದೆ. ಐದು ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಓಡುತ್ತದೆ. 'ಅಪ್‌ಡೇಟೆಡ್ ಅಟ್' ಎಂಬ, ಸಾಲು ಕೊನೆಗೆ ಬದಲಾದ ಹೊತ್ತನ್ನು ಹೇಳುವ ಕಾಲಂ ನೋಡಿ, ಹಿಂದಿನ ಸಲದ ನಂತರ ಬದಲಾದ ಸಾಲುಗಳನ್ನು ಆಚೆಗೆ ಬರೆಯುತ್ತದೆ. ಆದರೂ ತಿಂಗಳಿಗೆ ಮೂರು ನಾಲ್ಕು ರಶೀದಿಗಳು ಮೊಬೈಲಿಗೆ ಬರುವುದೇ ಇಲ್ಲ. ಅಳಿಸಿದ ರಶೀದಿಗಳು ಅಲ್ಲಿ ಹಾಗೆಯೇ ಉಳಿಯುತ್ತವೆ. ಸದಸ್ಯರ ವಿಳಾಸವನ್ನು ಎರಡೂ ಕಡೆ ತಿದ್ದಲು ಬಿಡಬಹುದೇ?
- ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಮೊದಲು ಆ ಮೂರು ನಾಲ್ಕು ರಶೀದಿಗಳ ಮಾತು. ಚೀಲ ಇಳಿಸಿ ಮನೆಗೆ ಹೋದ ಬೆಳೆಗಾರನಿಗೆ ಮೊಬೈಲಿನಲ್ಲಿ ತನ್ನ ತೂಕ ಕಾಣದಿದ್ದರೆ ಆ ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಇದು ಸಣ್ಣ ದೋಷವೆಂದು ನನಗೆ ಅನಿಸುವುದಿಲ್ಲ.

ನಿಮ್ಮ ಸ್ಕ್ರಿಪ್ಟ್ ಗಡಿಯಾರವನ್ನು ನಂಬಿದೆ, ತಪ್ಪು ಅಲ್ಲೇ ಇದೆ. ಕೌಂಟರಿನವರು 10 ಗಂಟೆ 4 ನಿಮಿಷ 58 ಸೆಕೆಂಡಿಗೆ ರಶೀದಿ ಬರೆದರು ಎನ್ನಿ. ಸಾಲಿಗೆ ಬೀಳುವುದು ಆ ಹೊತ್ತೇ. ಆದರೆ ವ್ಯವಹಾರ ಪೂರ್ತಿಯಾಗಿ ಕಮಿಟ್ ಆಗುವಾಗ, ಅಂದರೆ ಡೇಟಾಬೇಸ್ ಅದನ್ನು ಖಾಯಂ ಮಾಡುವಾಗ, 10 ಗಂಟೆ 5 ನಿಮಿಷ 2 ಸೆಕೆಂಡು. ಕಮಿಟ್ ಆಗುವವರೆಗೆ ಆ ಸಾಲು ಹೊರಗಿನವರಿಗೆ ಕಾಣುವುದಿಲ್ಲ. ಸರಿಯಾಗಿ 10 ಗಂಟೆ 5 ನಿಮಿಷಕ್ಕೆ ಬಂದ ಸ್ಕ್ರಿಪ್ಟ್ ಅದನ್ನು ಕಾಣದೆ, 'ಇಲ್ಲಿಯವರೆಗೆ ಓದಿ ಆಯಿತು' ಎಂದು ಗುರುತು ಹಾಕಿಕೊಂಡು ಹೋಯಿತು. ಮುಂದಿನ ಸಲ ಅದು ಕೇಳುವುದು 10 ಗಂಟೆ 5 ನಿಮಿಷದ ನಂತರದ್ದನ್ನು. 58ನೆಯ ಸೆಕೆಂಡಿನ ರಶೀದಿಯನ್ನು ಇನ್ನು ಯಾರೂ ಕೇಳುವುದಿಲ್ಲ. ಒಂದೇ ಕೌಂಟರ್ ಇದ್ದರೆ ಇದು ಅಪರೂಪ, ಸುಗ್ಗಿಯಲ್ಲಿ ನಾಲ್ಕು ಕೌಂಟರ್ ತೆರೆದಾಗ ಆಗಿಯೇ ಆಗುತ್ತದೆ. ಕಾಣೆಯಾದ ರಶೀದಿಗಳ ಸಮಯ ತೆಗೆದು ನೋಡಿ. ಹೆಚ್ಚಿನವು ಐದು ನಿಮಿಷದ ಗಡಿಗೆ ಅಂಟಿಕೊಂಡಿದ್ದರೆ ಕಾರಣ ಇದೇ.

ಈ ವಾರವೇ ಮಾಡಬಹುದಾದ ಪರಿಹಾರವೊಂದಿದೆ. ಪ್ರತಿ ಸಲವೂ ಗುರುತಿಗಿಂತ ಹತ್ತು ನಿಮಿಷ ಹಿಂದಿನಿಂದ ಓದಿ. ಒಂದೇ ಸಾಲು ಎರಡೆರಡು ಬಾರಿ ಬಂದೀತು, ಬರಲಿ. ಪೋಸ್ಟ್‌ಗ್ರೆಸ್‌ನಲ್ಲಿ 9.5ನೆಯ ಆವೃತ್ತಿಯಿಂದ 'ಆನ್ ಕಾನ್‌ಫ್ಲಿಕ್ಟ್' ಸೌಲಭ್ಯವಿದೆ: ರಶೀದಿ ಸಂಖ್ಯೆ ಮೊದಲೇ ಇದ್ದರೆ ಆ ಸಾಲನ್ನೇ ತಿದ್ದುತ್ತದೆ, ಇಲ್ಲದಿದ್ದರೆ ಹೊಸದಾಗಿ ಸೇರಿಸುತ್ತದೆ. ಇನ್ನು ಅಳಿಸಿದ ಸಾಲಿಗೆ 'ಅಪ್‌ಡೇಟೆಡ್ ಅಟ್' ಎಲ್ಲಿಂದ ಬರಬೇಕು? ಸಾಲೇ ಇಲ್ಲವಲ್ಲ. ಕೌಂಟರಿನಲ್ಲಿ ರಶೀದಿಯನ್ನು ಅಳಿಸುವ ಪದ್ಧತಿಯನ್ನೇ ಬಿಡಿಸಿ, 'ರದ್ದು' ಎಂಬ ಕಾಲಂ ಸೇರಿಸಿ. ಕಾಗದದ ರಶೀದಿ ಪುಸ್ತಕದಲ್ಲೂ ನಾವು ಹಾಳೆ ಹರಿಯುತ್ತಿರಲಿಲ್ಲ, ಅಡ್ಡಗೆರೆ ಎಳೆಯುತ್ತಿದ್ದೆವು.

ಗಟ್ಟಿಯಾದ ದಾರಿ ಬೇರೆ. ಮೈಎಸ್‌ಕ್ಯೂಎಲ್ ತನ್ನಲ್ಲಾದ ಪ್ರತಿ ಬದಲಾವಣೆಯನ್ನೂ, ಅಳಿಸಿದ್ದನ್ನೂ ಸೇರಿಸಿ, ಕಮಿಟ್ ಆದ ಕ್ರಮದಲ್ಲೇ ಬಿನ್‌ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಡೆಬೀಜಿಯಂನಂಥ ಮುಕ್ತ ತಂತ್ರಾಂಶ ಅದನ್ನು ಓದಿ ಆಚೆಗೆ ತಲುಪಿಸಬಲ್ಲದು. ಬಿನ್‌ಲಾಗ್ ಬದಲಾದ ಪ್ರತಿ ಸಾಲನ್ನೂ ಬರೆದಿಡುವ 'ರೋ' ಮಾದರಿಯಲ್ಲಿರಬೇಕು. ಮೈಎಸ್‌ಕ್ಯೂಎಲ್ 8.0 ತಾನಾಗಿ ಈ ದಿನಚರಿಯನ್ನು 30 ದಿನ ಇಟ್ಟುಕೊಳ್ಳುತ್ತದೆ. ಓದುವ ತಂತ್ರಾಂಶ ಅದಕ್ಕಿಂತ ಹೆಚ್ಚು ದಿನ ನಿಂತುಹೋದರೆ ಇಡೀ ನಕಲನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಆದರೂ ದಿನಕ್ಕೆ ಕೆಲವು ನೂರು ರಶೀದಿಗಳ ಸಂಘಕ್ಕೆ, ನೋಡಿಕೊಳ್ಳಲು ಪ್ರತ್ಯೇಕ ಜನ ಇಲ್ಲದಿದ್ದರೆ, ನಾನು ಹತ್ತು ನಿಮಿಷದ ಉಪಾಯವನ್ನೇ ಹೇಳುತ್ತೇನೆ.

ಯಾವ ದಾರಿ ಹಿಡಿದರೂ ರಾತ್ರಿ ತಾಳೆ ನೋಡುವುದನ್ನು ಮಾತ್ರ ಬಿಡಬೇಡಿ. ಎರಡೂ ಕಡೆ ಆ ದಿನದ ರಶೀದಿಗಳ ಸಂಖ್ಯೆ, ಒಟ್ಟು ತೂಕ, ಒಟ್ಟು ಹಣ. ರಾಶಿ, ಚಾಲಿ, ಬೆಟ್ಟೆ ಎಂದು ಅಡಿಕೆಯ ಬಗೆಗೆ ತಕ್ಕಂತೆ ಬೇರೆ ಬೇರೆಯಾಗಿ. ವ್ಯತ್ಯಾಸವಿದ್ದರೆ ಬೆಳಗ್ಗೆ ಕಾರ್ಯದರ್ಶಿಗಳ ಮೊಬೈಲಿಗೆ ಸಂದೇಶ ಹೋಗಲಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಪೋಸ್ಟ್‌ಗ್ರೆಸ್‌ನಿಂದ ಒರಾಕಲ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಹೆಸರುಗಳನ್ನು ಸಾಗಿಸುತ್ತಿದ್ದೆವು. ಎರಡೂ ಕಡೆ ಕಾಲಂನ ಅಳತೆ 30. ಪೋಸ್ಟ್‌ಗ್ರೆಸ್ ಆ 30ನ್ನು ಚಿಹ್ನೆಗಳ ಲೆಕ್ಕದಲ್ಲಿ ಹಿಡಿಯುತ್ತದೆ, ಒರಾಕಲ್ ನಾವು ಬೇರೆ ಹೇಳದಿದ್ದರೆ ಬೈಟ್‌ಗಳ, ಅಂದರೆ ಕಂಪ್ಯೂಟರಿನಲ್ಲಿ ಹಿಡಿಯುವ ಜಾಗದ, ಲೆಕ್ಕದಲ್ಲಿ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ, ಒತ್ತು ಗುಣಿತಗಳನ್ನೂ ಬಿಡದೆ, ಮೂರು ಬೈಟ್. 'ಲಕ್ಷ್ಮೀನಾರಾಯಣ' ಕಣ್ಣಿಗೆ ಆರೇ ಅಕ್ಷರ. ಒಳಗೆ 13 ಚಿಹ್ನೆ, 39 ಬೈಟ್. 'ಗಣೇಶ' 12 ಬೈಟ್‌ಗಳಲ್ಲಿ ಆರಾಮವಾಗಿ ದಾಟಿದ. ಲಕ್ಷ್ಮೀನಾರಾಯಣನ ಸಾಲಿಗೆ ಒರಾಕಲ್ ದೋಷ ತೋರಿಸಿತು, ನಮ್ಮ ಸ್ಕ್ರಿಪ್ಟ್ ಅದನ್ನು ಬಿಟ್ಟು ಮುಂದಕ್ಕೆ ಹೋಯಿತು. ಎಣಿಕೆ ಮಾಡಿದ್ದರೆ ಅದೇ ಸಂಜೆ ಗೊತ್ತಾಗುತ್ತಿತ್ತು. ಉದ್ದ ಹೆಸರಿನವರೆಲ್ಲ ಪಟ್ಟಿಯಲ್ಲಿಲ್ಲ ಎಂದು ನಮಗೆ ತಿಳಿದದ್ದು ಅವರೇ ಬಂದು ಕೇಳಿದಾಗ.

ನಿಮ್ಮ ಜೋಡಿಯಲ್ಲಿ ಆ ತೊಂದರೆ ಇಲ್ಲ, ಮೈಎಸ್‌ಕ್ಯೂಎಲ್ ಕೂಡ ಚಿಹ್ನೆಗಳನ್ನೇ ಎಣಿಸುತ್ತದೆ. ಆದರೆ ಹಳೆಯ ಟೇಬಲ್‌ಗಳಲ್ಲಿ '0000-00-00' ಎಂಬ ದಿನಾಂಕ ಇದೆಯೇ ನೋಡಿ, ಪೋಸ್ಟ್‌ಗ್ರೆಸ್ ಅದನ್ನು ಒಪ್ಪುವುದಿಲ್ಲ.

ವಿಳಾಸವನ್ನು ಎರಡೂ ಕಡೆ ತಿದ್ದಲು ಬಿಡಬೇಡಿ. ಬೆಳಗ್ಗೆ ಸದಸ್ಯರು ಮೊಬೈಲಿನಲ್ಲಿ ಒಂದು ವಿಳಾಸ ಬರೆದು, ಅದೇ ಹೊತ್ತಿಗೆ ಕೌಂಟರಿನಲ್ಲಿ ಮಗ ಇನ್ನೊಂದನ್ನು ಬರೆಸಿದರೆ ಯಾವುದು ನಿಜ? ಕೊನೆಗೆ ಬಂದದ್ದೇ ನಿಜ ಎನ್ನುವ ನಿಯಮ ಮತ್ತೆ ಗಡಿಯಾರದ ಕೈಗೆ ತೀರ್ಪು ಕೊಡುತ್ತದೆ. ಮೊಬೈಲಿನಲ್ಲಿ ಬರೆದದ್ದು 'ತಿದ್ದುಪಡಿ ಕೋರಿಕೆ' ಎಂಬ ಬೇರೆ ಟೇಬಲ್‌ಗೆ ಬೀಳಲಿ. ಕೌಂಟರಿನವರು ನೋಡಿ ಒಪ್ಪಿ ಮೈಎಸ್‌ಕ್ಯೂಎಲ್‌ನಲ್ಲಿ ತಿದ್ದಲಿ, ಅದು ಎಂದಿನ ದಾರಿಯಲ್ಲೇ ಮೊಬೈಲಿಗೆ ಇಳಿದು ಬರಲಿ.

ಸ್ಕ್ರಿಪ್ಟ್ ತಿದ್ದುವ ಮೊದಲು, ಮೊಬೈಲ್ ಖಾತೆ ಶುರುವಾದ ದಿನದಿಂದ ಇವತ್ತಿನವರೆಗೆ ಎರಡೂ ಕಡೆಯ ರಶೀದಿ ಸಂಖ್ಯೆಗಳನ್ನು ಒಮ್ಮೆ ಹೋಲಿಸಿ, ಆಚೆ ಇಲ್ಲದವನ್ನು ಸೇರಿಸಿ. ಆ ಬೆಳೆಗಾರರಿಗೆ ನೀವೇ ಫೋನ್ ಮಾಡಿ, ಅವರ ತೂಕ ಸಂಘದ ಲೆಕ್ಕದಲ್ಲಿ ಮೊದಲಿನಿಂದಲೂ ಇದೆ ಎಂದು ತಿಳಿಸಿ.